ಅಡಿಕೆ ಬಿಟ್ಟು ಸಾಸಿವೆ ಜಾತಿಯ ಗಿಡ ಹಿಡಿಯಲಿರುವ ಮಗಳಿಗೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಮನೆ ತುಂಬ ಅಡಿಕೆ ಸುಲಿಯುವವರು ಕೂತಿದ್ದರು. ಅವರೆದುರು ಆಡುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಪಿಎಚ್‌ಡಿ ವಿಷಯ ಬದಲಿಸಿಕೋ ಅಂತ ನಿನ್ನ ಗೈಡ್ ಹೇಳಿದ್ದಾರೆ. ಅಡಿಕೆ ಮರ ಬಿಟ್ಟು ಅರಬಿಡಾಪ್ಸಿಸ್ ಅನ್ನುವ ಸಾಸಿವೆ ಜಾತಿಯ ಪುಟ್ಟ ಗಿಡದ ಮೇಲೆ ಕೆಲಸ ಮಾಡು ಅಂತ. ನಿನಗೂ ಅದೇ ಸರಿ ಅನಿಸಿದೆ, ದನಿಯಲ್ಲೇ ಗೊತ್ತಾಯಿತು. ಆದರೆ "ನಮ್ಮ ತೋಟಕ್ಕೆ ಮೋಸ ಮಾಡಿದ ಹಾಗಾಗುತ್ತೆ ಅಮ್ಮಾ" ಅಂದೆಯಲ್ಲ, ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಒಪ್ಪಿಕೋ. ಧೈರ್ಯವಾಗಿ ಒಪ್ಪಿಕೋ.

ನೀನು ಇಲ್ಲಿಯವರೆಗೆ ಬೆನ್ನು ಹತ್ತಿದ ಅಡಿಕೆಯ ಹಳದಿ ಎಲೆ ರೋಗ ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಅದನ್ನು ಟ್ಯೂಬಿನಲ್ಲಿ ಹುಡುಕುತ್ತೀಯ. ನಾನು ಮೆಟ್ಟುಗತ್ತಿಯ ಮುಂದೆ ಕೂತು ನೋಡುತ್ತೇನೆ. ಸಿಪ್ಪೆ ಬಿಡಿಸಿದಾಗ ಕೆಲವು ಅಡಿಕೆ ಮೇಲಿನಿಂದ ಚೆನ್ನಾಗೇ ಕಾಣುತ್ತದೆ. ಎರಡು ಹೋಳು ಮಾಡಿದರೆ ಒಳಗೆಲ್ಲ ಕಪ್ಪು. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಬೆಂಡು ಬೆಂಡು. ಬಾಯಿಗೆ ಹಾಕುವಂತಿಲ್ಲ, ಮಂಡಿಗೆ ಕಳಿಸುವಂತಿಲ್ಲ. ಕೂಲಿ ಕೊಟ್ಟು ಕೊನೆ (ಅಡಿಕೆ ಗೊನೆ) ಕೊಯ್ಸಿ, ಸುಲಿಸಿ, ಆಮೇಲೆ ಎತ್ತಿ ಹೊರಗೆ ಹಾಕಬೇಕು. ಮರದಲ್ಲಿ ನೋಡಿದರೆ ಸೋಗೆಯ ಗರಿಗಳ ತುದಿಯಿಂದ ಹಳದಿ ಶುರುವಾಗಿ ಒಳಕ್ಕೆ ಇಳಿಯುತ್ತದೆ. ನಡುವಿನ ನರ ಮಾತ್ರ ಹಸಿರಾಗಿ ಉಳಿದಿರುತ್ತದೆ. ವರ್ಷ ಕಳೆದ ಹಾಗೆ ತಲೆ ಚಿಕ್ಕದಾಗುತ್ತದೆ, ಕಾಯಿ ಉದುರುತ್ತದೆ. ಮರ ಬೇಗ ಸಾಯುವುದೂ ಇಲ್ಲ. ನಿಂತೇ ಇರುತ್ತದೆ, ಏನೂ ಕೊಡುವುದಿಲ್ಲ. ಶೃಂಗೇರಿ, ಕೊಪ್ಪದ ಕಡೆಯವರು, ಘಟ್ಟದ ಕೆಳಗೆ ಸಂಪಾಜೆಯವರು ಎಷ್ಟು ಕಾಲದಿಂದ ಇದನ್ನು ನೋಡುತ್ತಿದ್ದಾರೆ! ಕೇರಳದಲ್ಲಂತೂ 1914ರಲ್ಲೇ ಕಂಡಿದ್ದಂತೆ. ಈಗ ಇದರ ಮೇಲೆ ಎಲೆಚುಕ್ಕೆ ರೋಗ ಬೇರೆ. ಅದಾದರೂ ಬೂಸ್ಟು, ಔಷಧಿ ಹೊಡೆದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ.

ನೀನು ಪಿಎಚ್‌ಡಿಗೆ ಸೇರಿದಾಗಿನಿಂದ ಊರಲ್ಲಿ ಎಲ್ಲರೂ ಕೇಳುವುದು ಒಂದೇ. "ಮಗಳು ಮದ್ದು ಕಂಡುಹಿಡಿದಳಾ?" ಸೊಸೈಟಿಗೆ ಹೋದರೂ ಅದೇ, ಮದುವೆಮನೆಯ ಪಂಕ್ತಿಯಲ್ಲೂ ಅದೇ. ಅವರನ್ನು ತಪ್ಪು ಅನ್ನಲಾರೆ. ತೋಟ ಕೈಬಿಟ್ಟವರು ಇನ್ನೇನು ಕೇಳಬೇಕು? ಆದರೆ ಅದಕ್ಕೆ ಉತ್ತರ ಕೊಡುವುದು ನಿನ್ನ ಕೆಲಸವಲ್ಲ. ನಾನು ಕೊಡುತ್ತೇನೆ. ನೀನು ಹೇಳಿಕೊಟ್ಟಿದ್ದನ್ನೇ ಹೇಳುತ್ತೇನೆ. ಈ ರೋಗ ತರುವುದು ಫೈಟೋಪ್ಲಾಸ್ಮಾ. ಬ್ಯಾಕ್ಟೀರಿಯಾದ ಸಂಬಂಧಿ, ಆದರೆ ಅದರ ಕೋಶಕ್ಕೆ ಗೋಡೆ ಇಲ್ಲ. ಎಲೆಯಲ್ಲಿ ತಯಾರಾದ ಆಹಾರ ಹರಿಯುವ ಕೊಳವೆಯೊಳಗೇ ಅದರ ವಾಸ. ಜಿಗಿಹುಳು ಒಂದು ಮರದ ರಸ ಹೀರಿ ಇನ್ನೊಂದಕ್ಕೆ ದಾಟಿಸುತ್ತದೆ. ಮೇಲಿನಿಂದ ಮೈಲುತುತ್ತ ಸುಣ್ಣದ ಬೋರ್ಡೋ ಹೊಡೆದರೆ ಅದಕ್ಕೆ ತಾಗುವುದೇ ಇಲ್ಲ. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಚುಚ್ಚಿದರೆ ಇಂಥ ರೋಗ ಸ್ವಲ್ಪ ದಿನ ತಗ್ಗುತ್ತದೆ, ನಿಲ್ಲಿಸಿದರೆ ಮತ್ತೆ ಏಳುತ್ತದೆ. ತೋಟಕ್ಕೆ ತೋಟಕ್ಕೇ ಚುಚ್ಚುತ್ತಾ ಕೂರುವುದು ಆಗುವ ಮಾತಾ? ಇಷ್ಟು ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ ಪುಟ್ಟಿ. ಬಾಟಲಿ ಹಿಡಿದು ಮನೆ ಬಾಗಿಲಿಗೆ ಬಂದು "ಮೂರು ತಿಂಗಳಲ್ಲಿ ಹಸಿರು" ಅನ್ನುವವರ ಮಾತಿಗಿಂತ ಇದು ಮೇಲು ಅಂತಲೂ ಗೊತ್ತಾಗುತ್ತದೆ.

ಈಗ ನಿನ್ನ ವಿಷಯ.

ಕಳೆದ ವರ್ಷ ನೀನೇ ಗಂಧದ ಸ್ಪೈಕ್ ರೋಗದ ಕಥೆ ಹೇಳಿದ್ದೆ. ಅವತ್ತಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ. 1899ರಲ್ಲಿ ಕೊಡಗಿನಲ್ಲಿ ಗಂಧದ ಮರಕ್ಕೆ ಆ ರೋಗ ಬಂದಿದ್ದು ವರದಿಯಾಯಿತು. ಎಲೆ ಸಣ್ಣದಾಗಿ, ಗಟ್ಟಿಯಾಗಿ, ಕೊಂಬೆಯೆಲ್ಲ ಮುಳ್ಳು ಮುಳ್ಳಾಗಿ ಕಾಣುವ ರೋಗ. ಮೈಸೂರು ಸರ್ಕಾರಕ್ಕೆ ಗಂಧ ಅಂದರೆ ದೊಡ್ಡ ಆದಾಯ. ಸುಮ್ನೆ ಕೂರಲಿಲ್ಲ ಅವರು. ಕೋಲ್ಮನ್ ಅವರೂ ಅದರ ಬೆನ್ನು ಹತ್ತಿದರು. ನಮ್ಮ ಕಡೆ ಆ ಹೆಸರು ಗೊತ್ತಿಲ್ಲದ ಹಳೆಯ ಅಡಿಕೆ ಬೆಳೆಗಾರರು ಕಮ್ಮಿ. ಕೆನಡಾದಿಂದ ಬಂದು, ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು. ಅದಕ್ಕೂ ಮೊದಲು ಮಳೆಗಾಲ ಬಂತೆಂದರೆ ಒಂದೊಂದು ಕೊನೆಗೂ ನೀರು ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಬೇಕಿತ್ತು. ಕೊಳೆರೋಗದ ಬಗ್ಗೆ ಅವರ ಬರಹ ಬಂದಿದ್ದು 1910ರಲ್ಲಿ. ಸ್ಪೈಕ್ ಬಗ್ಗೆ ಬರೆದಿದ್ದು 1917ರಲ್ಲಿ. ಅಂಥವರ ಕೈಗೂ ಸ್ಪೈಕ್ ರೋಗದ ಮೂಲ ಸಿಗಲಿಲ್ಲ.

ಅದು ಸಿಗುವ ದಾರಿ ತೆರೆದಿದ್ದು ಎಲ್ಲಿ? ಜಪಾನಿನಲ್ಲಿ. ಅಲ್ಲಿಯವರು ಗಂಧ ನೋಡುತ್ತಿರಲಿಲ್ಲ. ಹಿಪ್ಪುನೇರಳೆ ಗಿಡ ಕುಳ್ಳಾಗುವ ರೋಗ ನೋಡುತ್ತಿದ್ದರು. ವೈರಸ್ ಅಂತ ಎಲ್ಲರೂ ನಂಬಿದ್ದ ಜಾಗದಲ್ಲಿ, 1967ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವರಿಗೆ ಕಂಡಿದ್ದು ಬೇರೆಯೇ ಜೀವಿ, ಈಗ ಫೈಟೋಪ್ಲಾಸ್ಮಾ ಅನ್ನುವುದು ಅದನ್ನೇ. ಆಮೇಲೆ ಎರಡೇ ವರ್ಷದಲ್ಲಿ ಗಂಧದ ಒಳಗೂ ಅದೇ ಕಂಡಿತು. ಅಡಿಕೆಯ ಹಳದಿ ರೋಗದಲ್ಲೂ ಅದನ್ನು ಹುಡುಕಿದ್ದು ಆ ಮೇಲೆಯೇ. ನೋಡು, ಕೊಡಗಿನವರು ಕೇಳಿದ ಪ್ರಶ್ನೆ ಎಪ್ಪತ್ತು ವರ್ಷ ಕಾದಿತ್ತು. ಆ ಜಪಾನಿನವರಿಗೆ ಯಾರಾದರೂ "ನಿಮ್ಮ ಕೆಲಸದಿಂದ ಶೃಂಗೇರಿಯ ಅಡಿಕೆಗೆ ಏನು ಬಂತು?" ಅಂತ ಕೇಳಿದ್ದರೆ ಏನು ಹೇಳುತ್ತಿದ್ದರು? ಆದರೂ ಇವತ್ತು ನೀನು ಪಿಸಿಆರ್ ಅನ್ನುವ ಡಿಎನ್‌ಎ ಪರೀಕ್ಷೆ ಮಾಡುವುದು ಅವರು ತೋರಿಸಿದ ಜೀವಿಯನ್ನು ಹುಡುಕಲಿಕ್ಕೇ ಅಲ್ವಾ?

ಅಡಿಕೆ ಮರದ ಲೆಕ್ಕ ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಇವತ್ತು ಸಸಿ ನೆಟ್ಟರೆ ಹಿಂಗಾರ ಒಡೆಯಲು ಐದಾರು ವರ್ಷ. ನಿನ್ನ ಫೆಲೋಶಿಪ್ ಇರುವುದೇ ಐದು ವರ್ಷ. ನೀನು ಮೊದಲ ದಿನ ಒಂದು ಸಸಿಯನ್ನು ಪರೀಕ್ಷೆಗೆ ಅಂತ ನೆಟ್ಟಿದ್ದರೂ ಅದರ ಮೊದಲ ಕಾಯಿ ನೋಡುವ ಹೊತ್ತಿಗೆ ನಿನ್ನ ಥೀಸಿಸ್ ಬೈಂಡಿಂಗಿಗೆ ಹೋಗಿರಬೇಕು. ಅರಬಿಡಾಪ್ಸಿಸ್ ಬೀಜದಿಂದ ಬೀಜಕ್ಕೆ ಆರೇಳು ವಾರ ಅಂದೆ. ಒಂದು ಸಲ ಕೆಟ್ಟರೆ ಮತ್ತೆ ಬಿತ್ತಬಹುದು. ಇನ್ನೊಂದು ಸಲ ಕೆಟ್ಟರೆ ಇನ್ನೊಂದು ಸಲ. ಕೆಲಸ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ? ಜೊತೆಗೆ ಆ ಗಿಡದ ಪೂರ್ತಿ ಜೀನೋಮ್ 2000ನೇ ಇಸವಿಯಲ್ಲೇ ಓದಿ ಮುಗಿಸಿದ್ದಾರೆ. ಯಾವ ಜೀನ್ ಕೆಡಿಸಿದರೆ ಏನಾಗುತ್ತದೆ ಅಂತ ನೋಡಲು ಸಿದ್ಧ ಬೀಜಗಳೇ ಸಿಗುತ್ತವಂತೆ. ಅಡಿಕೆಯಲ್ಲಿ ಅದನ್ನೆಲ್ಲ ಮಾಡಹೋದರೆ ನಿನ್ನ ಆಯಸ್ಸು ಸಾಲದು.

ನೀನು ಕಳಿಸಿದ್ದ ಆ ಇಂಗ್ಲೆಂಡಿನ ಕೆಲಸದ ವಿವರವನ್ನು ನಿಧಾನಕ್ಕೆ ಓದಿದೆ. ನಾರಿಚ್‌ನ ಜಾನ್ ಇನ್ಸ್ ಸೆಂಟರ್‌ನವರದ್ದು. ಫೈಟೋಪ್ಲಾಸ್ಮಾ ಬಿಡುವ ಒಂದೇ ಒಂದು ಪ್ರೋಟೀನನ್ನು ಅರಬಿಡಾಪ್ಸಿಸ್‌ನಲ್ಲಿ ತಯಾರಾಗುವಂತೆ ಮಾಡಿದರೆ ಸಾಕು, ಅದರ ಹೂವು ಎಲೆಯ ಹಾಗೆ ಆಗಿಬಿಡುತ್ತದೆ. ಅಷ್ಟೇ ಅಲ್ಲ, ಅಂಥ ಗಿಡಕ್ಕೆ ಜಿಗಿಹುಳು ಜಾಸ್ತಿ ಬರುತ್ತದೆ. ರೋಗ ತನ್ನ ಗಾಡಿಯನ್ನು ತಾನೇ ಕರೆಸಿಕೊಳ್ಳುತ್ತದೆ! ಇದನ್ನು ಓದಿದ ಮೇಲೆ ಹಿತ್ತಲಿನ ಬದನೆ ಸಾಲಿಗೆ ಹೋಗಿ ನಿಂತೆ. ಅಲ್ಲಿ ಯಾವಾಗಲೂ ಒಂದೆರಡು ಗಿಡಕ್ಕೆ ಕಿರಿ ಎಲೆ ರೋಗ ಬಂದಿರುತ್ತದೆ, ಗೊತ್ತಲ್ಲ? ಎಲೆ ನುಗ್ಗೆ ಸೊಪ್ಪಿನಷ್ಟು ಸಣ್ಣ. ಗೆಣ್ಣುಗಳು ಒತ್ತೊತ್ತಾಗಿ, ಪೊದೆ ಪೊದೆಯಾಗಿ ಬೆಳೆಯುತ್ತದೆ. ಹೂ ಬಿಟ್ಟರೆ ಅದೂ ಹಸಿರು. ಕಾಯಿ ಒಂದೂ ಇಲ್ಲ. ಇಷ್ಟು ವರ್ಷ ಅದನ್ನು ಕಿತ್ತು ಬಿಸಾಕುತ್ತಿದ್ದೆ. ಈ ಸಲ ಒಂದು ಕೊಂಬೆ ಮುರಿದು ಜಗಲಿಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಗಿಡ ಸೊರಗಿಲ್ಲ. ಇನ್ನೊಬ್ಬರ ಮಾತು ಕೇಳಿಕೊಂಡು ಬೆಳೆದಿದೆ. ಹೂ ಬಿಡುವ ಬದಲು ಎಲೆ ಬಿಡು ಅಂತ ಒಳಗಿನಿಂದ ಯಾರೋ ಹೇಳಿದ್ದಾರೆ, ಅದು ಬಿಟ್ಟಿದೆ. ಆ ಹೇಳುವ ಪ್ರೋಟೀನನ್ನೇ ನೀನು ಹುಡುಕಹೊರಟಿದ್ದೀಯ ಅಂತ ಆಗ ಗೊತ್ತಾಯಿತು. ಅದು ಸಣ್ಣ ಕೆಲಸವಲ್ಲ.

2021ರಲ್ಲಿ ಅದೇ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು ಅಂತ ನೀನು ಬರೆದಿದ್ದೆ. ಗಿಡದ ಒಂದು ಪ್ರೋಟೀನಿನಲ್ಲಿ ಎರಡೇ ಎರಡು ಅಮೈನೋ ಆಮ್ಲ ಬದಲಿಸಿದಾಗ, ಫೈಟೋಪ್ಲಾಸ್ಮಾದ ಇನ್ನೊಂದು ಪ್ರೋಟೀನಿನ ಆಟ ಆ ಗಿಡದ ಮೇಲೆ ನಡೆಯಲಿಲ್ಲ. ಇದು ಆಗಿದ್ದು ಅರಬಿಡಾಪ್ಸಿಸ್‌ನಲ್ಲಿ. ಅಡಿಕೆಯ ಫೈಟೋಪ್ಲಾಸ್ಮಾ ಏನು ಬಿಡುತ್ತದೆ, ಅದು ಗಿಡದ ಯಾವ ಪ್ರೋಟೀನನ್ನು ಹಿಡಿಯುತ್ತದೆ ಅಂತ ನೀನು ಆ ಪುಟ್ಟ ಗಿಡದಲ್ಲಿ ತೋರಿಸಿದರೆ, ಅಡಿಕೆಯಲ್ಲಿ ಎಲ್ಲಿ ನೋಡಬೇಕು ಅಂತ ಮುಂದಿನವರಿಗೆ ತಿಳಿಯುತ್ತದೆ. ಮುಂದಿನವರು ನೀನೇ ಆಗಿರಬಹುದು, ಬೇರೆ ಯಾರೋ ಆಗಿರಬಹುದು. ನನಗೆ ಎರಡೂ ಒಂದೇ.

ತೋಟದ ಕಡೆಯ ಕೆಲಸ ನಿಂತಿದೆ ಅಂತಲೂ ತಿಳಿಯಬೇಡ. ಹಳದಿಯಾದ ಮರಗಳ ನಡುವೆ ವರ್ಷಗಟ್ಟಲೆ ಹಸಿರಾಗೇ ಉಳಿಯುವ ಮರ ಕೆಲವು ಇರುತ್ತವೆ. ಅಂಥವನ್ನು ಗುರುತಿಸಿ, ಹಿಂಗಾರದ ಎಳೆಯ ತುಂಡಿನಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ದಾರಿಯನ್ನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನವರು ಹಾಕಿಕೊಟ್ಟಿದ್ದಾರೆ. ಅದು ಅವರ ಕೆಲಸ, ನಿಧಾನದ ಕೆಲಸ. ನಮ್ಮ ತೋಟದಲ್ಲೂ ಕೆರೆ ಪಕ್ಕದ ಸಾಲಿನಲ್ಲಿ ಹಾಗೆ ಉಳಿದ ಮರಗಳಿವೆ. ಅವಕ್ಕೆ ಬಣ್ಣ ಬಳಿದು ನಂಬರ್ ಹಾಕಿದ್ದೇನೆ. ಯಾವ ತಿಂಗಳು ಹೇಗಿತ್ತು ಅಂತ ಬರೆದಿಡುತ್ತಿದ್ದೇನೆ. ಬಸಿಗಾಲುವೆ ಆಳ ಮಾಡಿಸಿದ್ದೇವೆ, ಗೊಬ್ಬರ ತಪ್ಪಿಸಿಲ್ಲ. ಮೇಲಿನ ತುಂಡಿಗೆ ಕಾಫಿ, ಕಾಳುಮೆಣಸು ಜಾಸ್ತಿ ಮಾಡುವ ಅಂತ ಅಪ್ಪ ಹೇಳುತ್ತಿದ್ದಾರೆ. ಈ ತೋಟವನ್ನು ನಾವು ನೋಡಿಕೊಳ್ಳುತ್ತೇವೆ. ಅದನ್ನು ಉಳಿಸುವ ಸಾಲ ನಿನ್ನ ಹೆಗಲ ಮೇಲೆ ನಾವು ಹಾಕಿಲ್ಲ. ನೀನಾಗಿ ಹೊತ್ತುಕೊಂಡಿದ್ದರೆ ಇಳಿಸಿಬಿಡು. ಸಾಲ ತೀರಿಸಬೇಕು ಅಂತ ಕೆಲಸ ಮಾಡುವವರಿಗೆ ಬೇಕಾದ ಉತ್ತರವೇ ಎಲ್ಲ ಕಡೆ ಕಾಣತೊಡಗುತ್ತದೆ. ಡಿಎನ್‌ಎ ನೋಡುವ ಜೆಲ್‌ನಲ್ಲಿ ಮಸುಕಾದ ಗೆರೆ ಕಂಡರೂ "ಬಂತು" ಅನ್ನುವ ಆಸೆ ಹುಟ್ಟುತ್ತದೆ. ನನಗೆ ಭಯ ಇರುವುದು ಅದೊಂದರ ಬಗ್ಗೆ ಮಾತ್ರ.

ದುಡ್ಡಿನ ವಿಷಯ. ಮೊದಲ ಹಂತದ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000, ಎರಡು ವರ್ಷ ಆದಮೇಲೆ ಮುಂದಿನ ಹಂತದ ಎಸ್‌ಆರ್‌ಎಫ್ 42,000. ಚೆನ್ನಾಗೇ ಇದೆ. ಆದರೆ ಅದು ಹೇಳಿದ ದಿನಕ್ಕೆ ಬರುವುದಿಲ್ಲ ಅಂತ ನಿನ್ನ ಸೀನಿಯರ್‌ಗಳು ಹೇಳಿದ್ದು ನೆನಪಿದೆ. ಬರದಿದ್ದರೆ ಕೇಳು. ಸಂಕೋಚ ಮಾಡಿ ಊಟ ಕಮ್ಮಿ ಮಾಡಬೇಡ. ಮನೆಗೆ ಕಳಿಸುವ ಯೋಚನೆಯಂತೂ ಬೇಡ.

ಮದುವೆ ವಿಷಯಕ್ಕೆ ನೆಂಟರು ನನ್ನನ್ನು ಕೇಳುತ್ತಾರೆ, ನಾನು ಹೇಳಿ ಕಳಿಸುತ್ತೇನೆ. ನಿನಗೆ ಯಾವಾಗ ಬೇಕೋ ಆಗ. ನಡುವೆಯೇ ಆದರೂ ಓದು ನಿಲ್ಲಬೇಕಾಗಿಲ್ಲ. ಯುಜಿಸಿಯ 2022ರ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಆರು ವರ್ಷದ ಮೇಲೆ ಇನ್ನೂ ಎರಡು ವರ್ಷ ಕೊಡಲು ಅವಕಾಶವಿದೆ, ಬಾಣಂತನ ಮತ್ತು ಮಗು ನೋಡಿಕೊಳ್ಳಲು 240 ದಿನದವರೆಗೆ ರಜೆಯೂ ಇದೆ. ಇದನ್ನು ತಿಳಿದಿಟ್ಟುಕೋ. ಬೇಕಾದಾಗ ಯಾರ ಹತ್ತಿರವೂ ಬೇಡಿಕೊಳ್ಳುವ ಹಾಗೆ ಮಾತಾಡಬೇಡ.

ಗೈಡ್‌ಗೆ ಹೌದು ಅನ್ನುವ ಮೊದಲು ಕೆಲವು ವಿಷಯ ಬಾಯಿಬಿಟ್ಟು ಕೇಳು. ಇಲ್ಲಿಯವರೆಗೆ ನೀನು ಅಡಿಕೆ ಎಲೆಯಿಂದ ತೆಗೆದ ಡಿಎನ್‌ಎ ಎಲ್ಲ ಏನಾಗುತ್ತದೆ? ಅದು ನಿನ್ನ ಥೀಸಿಸ್‌ನ ಒಂದು ಅಧ್ಯಾಯಕ್ಕಾದರೂ ಬರುತ್ತದಾ, ಇಲ್ಲ ಬೇರೆ ವಿದ್ಯಾರ್ಥಿಗೆ ಹೋಗುತ್ತದಾ? ಹೋದರೆ ಪೇಪರಿನಲ್ಲಿ ನಿನ್ನ ಹೆಸರು ಇರುತ್ತದಾ? ಜಿಗಿಹುಳು ಸಾಕುವ ವ್ಯವಸ್ಥೆ ಲ್ಯಾಬಿನಲ್ಲಿ ಇದೆಯಾ, ಇಲ್ಲದಿದ್ದರೆ ಹುಳುವಿನ ಭಾಗವನ್ನು ಯಾರ ಜೊತೆ ಸೇರಿ ಮಾಡುವುದು? ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಬದಲಾಗಿದ್ದನ್ನು ಕಮಿಟಿಯಿಂದ ಲಿಖಿತವಾಗಿ ಮಾಡಿಸಿಕೋ. ಬಾಯಿಮಾತಿಗೆ ಬಿಡಬೇಡ.

ಅಡಿಕೆ ಎಲೆಯೋ, ಹಿಂಗಾರವೋ, ಬೇರಿನ ತುದಿಯೋ ಯಾರಿಗಾದರೂ ಬೇಕಾದರೆ ಮರದ ನಂಬರ್ ಕಳಿಸು. ಕೊನೆ ಕೊಯ್ಯಲು ಮುಂದಿನ ವಾರವೂ ಜನ ಬರುತ್ತಾರೆ, ಅವರ ಕೈಲೇ ಇಳಿಸಿ ರಾತ್ರಿ ಬಸ್ಸಿಗೆ ಹಾಕಿಸುತ್ತೇನೆ. ಎಲೆಯನ್ನು ಐಸಿನಲ್ಲಿ ಇಡಬೇಕಾ, ಒಣ ಸಿಲಿಕಾ ಪುಡಿಯಲ್ಲಿ ಇಡಬೇಕಾ ಅಂತ ಮೊದಲೇ ಹೇಳು. ಪುಡಿ ಬೇಕಾದರೆ ಅಲ್ಲಿಂದಲೇ ಕಳಿಸು, ಇಲ್ಲಿ ಸಿಗುವುದಿಲ್ಲ.

ನಿನ್ನ
ಅಮ್ಮ