ಚಿತ್ರ ತೆಗೆದವರ ಹೆಸರೂ ಅಚ್ಚಾಗಲಿ

ಮಾನ್ಯರೇ,

ವೈದ್ಯಕೀಯ ಕಾಲೇಜುಗಳ ಅಧ್ಯಾಪಕರ ಬಡ್ತಿಗೆ ಸಂಶೋಧನಾ ಲೇಖನಗಳನ್ನು ಕಡ್ಡಾಯ ಮಾಡಿರುವ ಬಗ್ಗೆ ವಾಚಕರ ವಾಣಿಯಲ್ಲಿ ಬಂದ ಪತ್ರಗಳನ್ನು ಓದಿದೆ. ಅಧ್ಯಾಪಕರ ಕಷ್ಟ, ಕಾಲೇಜುಗಳ ಕೊರತೆ ಎಲ್ಲವೂ ಅವುಗಳಲ್ಲಿ ಬಂದಿವೆ. ಆ ಲೇಖನಗಳ ನಡುವೆ ಅಚ್ಚಾಗುವ ಸ್ಕ್ಯಾನ್ ಚಿತ್ರಗಳನ್ನು ತೆಗೆಯುವವರು ಯಾರು ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಬರಲಿಲ್ಲ. ಎಕ್ಸ್‌ರೇ ಮತ್ತು ಸಿಟಿ ವಿಭಾಗಗಳಲ್ಲಿ ಮೂರು ದಶಕ ದುಡಿದು ನಿವೃತ್ತನಾದ ರೇಡಿಯೋಗ್ರಾಫರ್ ನಾನು. ನಮ್ಮವರ ಪರವಾಗಿ ಬರೆಯುತ್ತಿದ್ದೇನೆ.

ಒಂದು ಪ್ರಕರಣ ಹೇಳುತ್ತೇನೆ. ಪಕ್ಕೆನೋವೆಂದು ಬಂದ ಲಾರಿ ಚಾಲಕರೊಬ್ಬರಿಗೆ ಕಿಡ್ನಿಯಲ್ಲಿ ಕಲ್ಲಿದೆಯೇ ನೋಡಲು ಸಿಟಿ ಬರೆದುಕೊಟ್ಟಿದ್ದರು. ಕಲ್ಲು ಹುಡುಕುವ ಸಿಟಿಗೆ, ಒಳಗಿನ ಭಾಗಗಳು ಎದ್ದುಕಾಣಲೆಂದು ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧ ಬೇಡ. ರೋಗಿಯನ್ನು ಮಲಗಿಸಿ, ಸ್ಕ್ಯಾನ್ ಮಾಡಿ, ಇಳಿಸುವುದು ಕೆಲವೇ ನಿಮಿಷದ ಕೆಲಸ. ಕಲ್ಲು ಕಂಡಿತು. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದು ಮುಂದಿನ ರೋಗಿಯನ್ನು ಕರೆಯಬಹುದಿತ್ತು. ಆದರೆ ಎರಡೂ ಮೂತ್ರಪಿಂಡಗಳು ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇದ್ದವು. ಸಾಮಾನ್ಯವಾಗಿ ಹೊರಮುಖವಾಗಿರುವ ಕೆಳತುದಿಗಳು ಬೆನ್ನುಮೂಳೆಯ ಕಡೆಗೆ ತಿರುಗಿದ್ದವು. ಒಂದೊಂದೇ ಸ್ಲೈಸ್ ಕೆಳಗಿಳಿಯುತ್ತಾ ಹೋದಾಗ ಮಹಾಪಧಮನಿಯ ಮುಂದೆ ಎಡಬಲವನ್ನು ಜೋಡಿಸುವ ಪಟ್ಟಿಯೊಂದು ಕಾಣಿಸಿತು. ವೈದ್ಯರು ಹಾರ್ಸ್‌ಶೂ ಕಿಡ್ನಿ ಎನ್ನುವ, ಕುದುರೆ ಲಾಳದ ಆಕಾರದ ಮೂತ್ರಪಿಂಡ ಅದು. ಗರ್ಭದಲ್ಲಿರುವಾಗಲೇ ಎರಡರ ಕೆಳತುದಿಗಳು ಕೂಡಿಕೊಂಡು, ಮೇಲೇರುವ ದಾರಿಯಲ್ಲಿ ದೊಡ್ಡ ಕರುಳಿಗೆ ಹೋಗುವ ರಕ್ತನಾಳವೊಂದಕ್ಕೆ ತಡೆದು ಅಲ್ಲಿಯೇ ನಿಂತುಬಿಡುತ್ತವೆ. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಹೀಗಿರುತ್ತದೆ; ಅನೇಕರಿಗೆ ಬದುಕಿನುದ್ದಕ್ಕೂ ಅದು ಗೊತ್ತೇ ಆಗುವುದಿಲ್ಲ.

ಪಕ್ಕದ ಕೊಠಡಿಯಲ್ಲಿ ಅಲ್ಟ್ರಾಸೌಂಡ್ ಮಾಡುತ್ತಿದ್ದ ರೇಡಿಯಾಲಜಿಸ್ಟ್ (ಸ್ಕ್ಯಾನ್ ಓದಿ ವರದಿ ಕೊಡುವ ವೈದ್ಯೆ) ಮೇಡಂ ಅವರನ್ನು ಕರೆದೆ. ಅವರು ಬಂದು ನೋಡಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ತರಿಸಿ, ಕಾಂಟ್ರಾಸ್ಟ್ ಕೊಟ್ಟು ಪೂರ್ಣ ಪರೀಕ್ಷೆ ಮಾಡೋಣವೆಂದರು. ರಕ್ತನಾಳಗಳಿಗಾಗಿ ಒಮ್ಮೆ, ಮೂತ್ರಪಿಂಡದ ಅಂಗಾಂಶಕ್ಕಾಗಿ ಒಮ್ಮೆ, ಆಮೇಲೆ ಕೆಲವು ನಿಮಿಷ ಕಾದು ಔಷಧ ಮೂತ್ರನಾಳಕ್ಕೆ ಇಳಿದಾಗ ಮತ್ತೊಮ್ಮೆ. ಪ್ರತಿ ಸಲವೂ ರೋಗಿ ಉಸಿರು ಹಿಡಿಯಬೇಕು. ಯಂತ್ರದಲ್ಲಿ ಮೊದಲೇ ಧ್ವನಿಮುದ್ರಿಸಿಟ್ಟ ಇಂಗ್ಲಿಷ್ ಸೂಚನೆ ಆ ಚಾಲಕರಿಗೆ ಅರ್ಥವಾಗಲಿಲ್ಲ. ಮೊದಲ ಚಿತ್ರ ಅಲುಗಾಡಿದ್ದೇ ಅದರಿಂದ. ಧ್ವನಿಮುದ್ರಿಕೆ ಆರಿಸಿ ಮೈಕಿನಲ್ಲಿ ನಾನೇ ಹೇಳಿದೆ: ‘ಅಣ್ಣಾ, ಉಸಿರು ಒಳಗೆ ತಗೊಳ್ಳಿ, ಹಾಗೇ ಬಿಗಿಹಿಡಿಯಿರಿ, ಬಿಡಬೇಡಿ.’ ಒಳಗೆ ಹೋಗಿ ಎರಡು ಸಲ ಅಭ್ಯಾಸವನ್ನೂ ಮಾಡಿಸಿದೆ. ಮೂತ್ರನಾಳಗಳು ಆ ಪಟ್ಟಿಯ ಮುಂಭಾಗದಿಂದ ಹಾದು ಇಳಿಯುವುದು ಮುಂದಿನ ಚಿತ್ರಗಳಲ್ಲಿ ಸ್ವಲ್ಪವೂ ಮಸುಕಿಲ್ಲದೆ ಬಂತು.

ಆ ಚಿತ್ರಗಳು ಪ್ರಕರಣ ವರದಿಯಾಗಿ ನಿಯತಕಾಲಿಕವೊಂದರಲ್ಲಿ ಅಚ್ಚಾದವು. ಮೊದಲ ಹೆಸರು ಸಿಟಿ ಕೊಠಡಿಗೆ ಕಾಲಿಡದ ವಿಭಾಗದ ಮುಖ್ಯಸ್ಥರದು. ರೋಗಿಯನ್ನು ಕಣ್ಣಿನಿಂದಲೂ ನೋಡದ ಬೇರೆ ವಿಭಾಗದವರೊಬ್ಬರ ಹೆಸರೂ ಇತ್ತು. ನಿಜವಾಗಿ ಓದಿ ವರದಿ ಬರೆದ ಮೇಡಂ ಹೆಸರು ಕೊನೆಯ ಸಾಲಿನಲ್ಲಿ. ಚಿತ್ರಗಳ ಕೆಳಗೆ ‘ಸಿಟಿ ಚಿತ್ರ’ ಎಂದಷ್ಟೇ ಇತ್ತು, ಯಂತ್ರ ತನ್ನಷ್ಟಕ್ಕೆ ತಾನೇ ತೆಗೆದಂತೆ.

ಇದು ಒಬ್ಬಿಬ್ಬರ ದುರಾಸೆಯಿಂದ ಆಗುವುದಲ್ಲ. 2015ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಬಡ್ತಿಗೆ ಮೊದಲ ಇಬ್ಬರು ಲೇಖಕರನ್ನು ಮಾತ್ರ ಪರಿಗಣಿಸುವುದಾಗಿ ಹೇಳಿತು. ನಿಯಮ ಆಮೇಲೆ ಬದಲಾಗಿದ್ದರೂ, ಹೆಸರು ಎಷ್ಟನೆಯದು ಎಂಬ ಲೆಕ್ಕಾಚಾರ ಅಂಟಿಕೊಂಡೇ ಇದೆ. ಹೆಸರಿನ ಜಾಗಕ್ಕೆ ಸಂಬಳದ ಶ್ರೇಣಿ ಕಟ್ಟಿಬಿಟ್ಟರೆ ಹಿರಿಯರು ಮುಂದೆ ಬರುತ್ತಾರೆ, ಕೆಲಸ ಮಾಡಿದವರು ಹಿಂದೆ ಸರಿಯುತ್ತಾರೆ.

ಲೇಖಕ ಯಾರು ಎಂಬುದಕ್ಕೆ ನಿಯಮವೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಹುಟ್ಟಿಕೊಂಡ ಅಂತರರಾಷ್ಟ್ರೀಯ ಸಮಿತಿ ಇಂದಿಗೂ ನಾಲ್ಕು ಷರತ್ತುಗಳನ್ನು ಇಟ್ಟಿದೆ. ಕೆಲಸದ ಪರಿಕಲ್ಪನೆಯಲ್ಲೋ ಮಾಹಿತಿಯ ಸಂಗ್ರಹ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು ಇರಬೇಕು. ಕರಡು ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಹೊರಬೇಕು. ಈ ಕೊನೆಯ ಷರತ್ತು 2013ರಲ್ಲಿ ಸೇರಿತು. ವಿಭಾಗದ ಸಾಮಾನ್ಯ ಮೇಲ್ವಿಚಾರಣೆಯೊಂದೇ ಲೇಖಕರಾಗಲು ಸಾಲದೆಂದು ಅದೇ ಸಮಿತಿ ಬರೆದಿದೆ. ಮೊದಲ ಷರತ್ತು ಪೂರೈಸಿದವರಿಗೆ ಕರಡು ನೋಡುವ, ತಿದ್ದುವ, ಒಪ್ಪುವ ಅವಕಾಶ ಕೊಡಬೇಕೆಂದೂ ಬರೆದಿದೆ. ನಮಗೆ ಬೇಕಾಗಿರುವುದು ಈ ಸಾಲು. ಕರಡನ್ನು ತೋರಿಸುವುದೇ ಇಲ್ಲ. ಆಮೇಲೆ ‘ನೀವು ಬರವಣಿಗೆಯಲ್ಲಿ ಇರಲಿಲ್ಲವಲ್ಲ’ ಎನ್ನುತ್ತಾರೆ. ಇದು ಅನ್ಯಾಯ.

ವೈದ್ಯರು ಕೇಳಿದ ಚಿತ್ರವನ್ನು ತೆಗೆದುಕೊಟ್ಟ ಮಾತ್ರಕ್ಕೆ ಲೇಖಕನಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ದಿನಕ್ಕೆ ಹತ್ತಾರು ಸ್ಕ್ಯಾನ್ ಮಾಡುವವರು ಎಲ್ಲದಕ್ಕೂ ಹೆಸರು ಕೇಳುವುದಿಲ್ಲ. ಆದರೆ ಅಂಗರಚನೆಯ ವೈಪರೀತ್ಯಗಳ ವಿಷಯ ಬೇರೆ. ಅವು ಬಹುತೇಕ ಬೇರೆ ಯಾವುದನ್ನೋ ಹುಡುಕುವಾಗ ಸಿಗುತ್ತವೆ. ಕತ್ತಿನ ಹೆಚ್ಚುವರಿ ಪಕ್ಕೆಲುಬು ಎದೆಯ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹೃದಯ ಬಲಗಡೆ ಕಂಡರೆ, ಎಡಬಲ ಗುರುತಿನ ಸೀಸದ ಅಕ್ಷರ ಸರಿಯಾದ ಕಡೆ ಇತ್ತೆಂದು ಖಚಿತವಾಗಿ ಹೇಳಬಲ್ಲವನು ಅದನ್ನು ಇಟ್ಟ ರೇಡಿಯೋಗ್ರಾಫರ್ ಒಬ್ಬನೇ. ಅವನ ಮಾತಿಲ್ಲದಿದ್ದರೆ ಅದು ಅಪರೂಪದ ಪ್ರಕರಣವೋ ತಿರುಗುಮುರುಗಾದ ಫಿಲ್ಮೋ ಎಂದು ಮೊದಲ ಹೆಸರಿನವರು ಹೇಗೆ ಹೇಳುತ್ತಾರೆ?

ಹೊಣೆಯಿಲ್ಲದ ಹೆಸರುಗಳು ಎಲ್ಲಿಗೆ ತಲುಪಿಸುತ್ತವೆ ಎಂಬುದನ್ನು 2024ರಲ್ಲಿ ಜಗತ್ತೇ ನೋಡಿತು. ವಿಕಿರಣಚಿತ್ರಣದ ಪ್ರಕರಣ ವರದಿಗಳಿಗೆ ಮೀಸಲಾದ ಅಂತರರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ, ನಾಲ್ಕು ತಿಂಗಳ ಶಿಶುವಿನ ಯಕೃತ್ತಿನ ರಕ್ತನಾಳಗಳಿಗಾದ ಗಾಯದ ಲೇಖನ ಬಂತು. ಅದರ ನಡುವೆ, ‘ನಾನೊಂದು ಎಐ ಭಾಷಾ ಮಾದರಿ, ರೋಗಿಯ ಮಾಹಿತಿ ನನಗೆ ಲಭ್ಯವಿಲ್ಲ, ಕ್ಷಮಿಸಿ’ ಎಂಬರ್ಥದ ವಾಕ್ಯಗಳು ಹಾಗೆಯೇ ಉಳಿದಿದ್ದವು. ಲೇಖಕರು ಒಬ್ಬಿಬ್ಬರಲ್ಲ. ಅವರು, ಪರಿಶೀಲಕರು, ಸಂಪಾದಕರು ಯಾರೂ ಅದನ್ನು ಗಮನಿಸಲಿಲ್ಲ. ಓದುಗರು ಎತ್ತಿ ತೋರಿಸಿದ ಮೇಲೆ ನಿಯತಕಾಲಿಕ ಆ ಲೇಖನವನ್ನು ತೆಗೆದುಹಾಕಿತು. ಯಂತ್ರ ಲೇಖಕನಾಗಲಾರದು, ಅದು ಹೊಣೆ ಹೊರಲಾರದು ಎಂದು 2023ರಲ್ಲೇ ಸಂಪಾದಕರ ಸಮಿತಿಗಳು ಹೇಳಿದ್ದವು. ಒಳ್ಳೆಯ ಮಾತು. ಓದದೆ ಸಹಿ ಹಾಕುವ ಮನುಷ್ಯರಿಗೂ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು.

ನಮ್ಮ ವೃತ್ತಿಗೆ ಹೆಸರು ಸಿಕ್ಕ ಜಾಗ ಇಲ್ಲವೆಂದಲ್ಲ. ಜರ್ಮನಿಯ ಹ್ಯಾಂಬರ್ಗ್‌ನ ಆಸ್ಪತ್ರೆಯ ಆವರಣದಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ಎಕ್ಸ್‌ರೇ ಮತ್ತು ರೇಡಿಯಂ ಕೆಲಸದಲ್ಲಿ ಪ್ರಾಣ ತೆತ್ತವರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಅದು ವೈದ್ಯರು, ಭೌತವಿಜ್ಞಾನಿಗಳು, ರಸಾಯನವಿಜ್ಞಾನಿಗಳು, ತಂತ್ರಜ್ಞರು, ದಾದಿಯರು ಎಲ್ಲರಿಗೂ ಸೇರಿದ ಸ್ಮಾರಕ. ಮೈಗೆ ಎಷ್ಟು ವಿಕಿರಣ ತಗುಲಿತೆಂದು ಅಳೆಯಲು ನಾವು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಅಂಥವರ ಸಾವಿನಿಂದ ಕಲಿತ ಪಾಠ. ಸತ್ತವರಿಗೆ ಸಿಕ್ಕ ಸಾಲು ಬದುಕಿರುವಾಗ ಕೆಲಸ ಮಾಡಿದವರಿಗೂ ಸಿಗಲಿ ಎಂಬುದು ದೊಡ್ಡ ಬೇಡಿಕೆಯಲ್ಲ.

ಆ ಲಾರಿ ಚಾಲಕರ ಬಗ್ಗೆಯೂ ಹೇಳಬೇಕು. ವರದಿಯಲ್ಲಿ ಅವರು ‘ವಯಸ್ಕ ಪುರುಷ’. ಹೆಸರು ಮರೆಮಾಡಿದ್ದು ಸರಿಯೇ. ಆದರೆ 2013ರಲ್ಲಿ ಪ್ರಕರಣ ವರದಿಗಳಿಗಾಗಿ ರೂಪಿಸಿದ ಕೇರ್ ಮಾರ್ಗಸೂಚಿ, ಒಪ್ಪಿಗೆ ಪಡೆಯುವುದರ ಜೊತೆಗೆ ರೋಗಿಯ ಅನುಭವವನ್ನೂ ಬರೆಯಲು ಹೇಳುತ್ತದೆ. ಅವರ ಮೂತ್ರಪಿಂಡದ ಸೇತುವೆಯಂಥ ಭಾಗ ಬೆನ್ನುಮೂಳೆಯ ಮೇಲೆ ಹಾದುಹೋಗಿದೆ. ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟಾದರೆ ಅದು ಜಜ್ಜಿಹೋಗಬಹುದು. ಸ್ಟೀರಿಂಗ್ ಹಿಂದೆ ಕೂರುವವರಿಗೆ ಇದನ್ನು ಕನ್ನಡದಲ್ಲಿ ತಿಳಿಸಿ, ಒಂದು ಚೀಟಿ ಬರೆದುಕೊಡುವುದು ಲೇಖನಕ್ಕಿಂತ ಮೊದಲಾಗಬೇಕಿತ್ತು. ಮೇಡಂ ಅದನ್ನು ಮಾಡಿದರು. ಆ ಸಂಗತಿ ಯಾವ ಲೇಖನದಲ್ಲಿಯೂ ಇಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ರಾಜ್ಯದ ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟು. ಸ್ಕ್ಯಾನ್ ಚಿತ್ರಗಳಿರುವ ಪ್ರತಿ ಲೇಖನಕ್ಕೂ ಯಾರು ಏನು ಮಾಡಿದರೆಂಬ ವಿವರ ಕಡ್ಡಾಯವಾಗಲಿ. 14 ಬಗೆಯ ಕೆಲಸಗಳನ್ನು ಗುರುತಿಸುವ ಕ್ರೆಡಿಟ್ ಎಂಬ ಪಟ್ಟಿ ಈಗಾಗಲೇ ಬಳಕೆಯಲ್ಲಿದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ಕಾಯ್ದೆ ನಮ್ಮನ್ನು ವೃತ್ತಿಪರರೆಂದು ಗುರುತಿಸಿದೆ. ಕಾಲೇಜುಗಳ ನೈತಿಕ ಸಮಿತಿಗಳೂ ಗುರುತಿಸಲಿ. ವೈಪರೀತ್ಯವನ್ನು ಮೊದಲು ಕಂಡ ರೇಡಿಯೋಗ್ರಾಫರ್ ಕೈಗೆ ಕರಡು ಬರಲಿ. ಅವರು ಒಪ್ಪಿದರೆ ಲೇಖಕರ ಸಾಲಿನಲ್ಲಿ, ಇಲ್ಲದಿದ್ದರೆ ಕೃತಜ್ಞತೆಯ ಸಾಲಿನಲ್ಲಿ ಹೆಸರು ಇರಲಿ. ಈ ವರ್ಷ ಸಿಟಿ ಕೊಠಡಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಂದಲೇ ಇದು ಶುರುವಾಗಲಿ.

– ನಿವೃತ್ತ ರೇಡಿಯೋಗ್ರಾಫರ್, ದಾವಣಗೆರೆ