ಒಂದು ಪಕಾರದ ವಿಷಯ

ಡೊಂಬಿವಲಿ
ಗುರುವಾರ ರಾತ್ರಿ

ಪ್ರೀತಿಯ ಚೈತ್ರಾ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದ್ದರೂ ನಾನು ‘ಊಟ ಆಯಿತಾ’ ಎಂದು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ ಎನ್ನುವುದು ಇಬ್ಬರಿಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ನಡೆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ತಟ್ಟೆ ಬಿಟ್ಟು ಎದ್ದವನು ನಾನು, ರಾತ್ರಿಯೇ ಪುಣೆಯ ಬಸ್ ಹತ್ತಿದವಳು ನೀನು. ಸಿಟ್ಟಿನಲ್ಲಿ ನಾನು ಆಡಿದ ಕೊನೆಯ ಮಾತು ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದ ಮಾತುಗಳಿಗೆ ಕೇಳುವುದಿಲ್ಲ.

ನಿನ್ನ ಕಚೇರಿಗೆ ಕೆಲಸದ ಸಂದರ್ಶನಕ್ಕೆ ಬಂದಿದ್ದ ವಿಜಯಪುರದ ಆ ಹುಡುಗ ‘ಯೆಂಜಿನಿಯರಿಂಗ್’ ಎಂದದ್ದನ್ನು, ‘ವೋನ್ಲಿ’ ಎಂದದ್ದನ್ನು ನೀನು ಅವನ ಹಾಗೆಯೇ ಮಾಡಿ ತೋರಿಸಿದಾಗ ಅಮ್ಮ ನಕ್ಕಳು. ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನೀನು ‘ಪರೀಕ್ಷೆಯಲ್ಲಿ ಅವನದೇ ಹೆಚ್ಚು ಅಂಕ, ಆದರೂ ತೆಗೆದುಕೊಳ್ಳಲಿಲ್ಲ’ ಎಂದೆ. ಅವನು ಹೇಳಿದ್ದು ನಿನಗೆ ಅರ್ಥವಾಯಿತೇ ಎಂದು ಕೇಳಿದೆ. ‘ಅರ್ಥವಾಯಿತು ಅಪ್ಪಯ್ಯ, ಆದರೆ ವಿಷಯ ಅದಲ್ಲ’ ಎಂದೆ. ಅರ್ಥವಾದ ಮೇಲೂ ಉಳಿಯುವ ಆ ವಿಷಯ ಯಾವುದೆಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.

ನಿನ್ನ ಚಿಕ್ಕಂದಿನಲ್ಲಿ ಶೀನ ಮಾವ ಮನೆಗೆ ಬಂದಾಗಲೆಲ್ಲ ನನ್ನನ್ನು ‘ರಿಸಿಪ್ಟ್’ ಎಂದು ಕರೆಯುತ್ತಿದ್ದ. ಯಾಕೆಂದು ನೀನು ಕೇಳಿದ್ದೆ. ಹೋಟೆಲಿನಲ್ಲಿ ಬಿಲ್ ಪುಸ್ತಕ ನನ್ನ ಕೈಯಲ್ಲಿತ್ತು, ಅದಕ್ಕೆ ಎಂದಿದ್ದೆ. ಅದು ಸುಳ್ಳು.

1984. ಬೆಳಿಗ್ಗೆಯಿಂದ ಸಂಜೆಯವರೆಗೆ ಮುಂಬೈಯ ಕೋಟೆ ಭಾಗದ ಹೋಟೆಲಿನ ಗಲ್ಲಾ, ಸಂಜೆಯ ಮೇಲೆ ಕನ್ನಡದ ರಾತ್ರಿ ಶಾಲೆ, ಆಮೇಲೆ ಕಾಲೇಜು. ಈ ಭಾಗವನ್ನು ನಾನು ಎಷ್ಟು ಸಲ ಹೇಳಿ ನಿನ್ನ ತಲೆ ತಿಂದಿದ್ದೇನೋ! ಅದಿರಲಿ. ಬಲ್ಲಾರ್ಡ್ ಎಸ್ಟೇಟಿನ ಒಂದು ಹಡಗು ವ್ಯವಹಾರದ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಖಾಲಿ ಇದೆ ಎಂದು ತಿಳಿಯಿತು. ಶೀನನದೇ ಬಿಳಿ ಅಂಗಿ ಎರವಲು ಪಡೆದು ಹೋದೆ. ತೋಳು ನನಗೆ ಗಿಡ್ಡವಾಗಿತ್ತು, ಹಾಗಾಗಿ ಮಡಚಿಕೊಂಡಿದ್ದೆ. ಎದುರಿಗೆ ಕುಳಿತವರ ಅಡ್ಡಹೆಸರು ಕೇಳಿ ಜೀವ ಬಂದ ಹಾಗಾಯಿತು. ನಮ್ಮ ಕಡೆಯವರೇ. ಕನ್ನಡ ಬರುತ್ತದೆಂದು ಗೊತ್ತು, ಆದರೆ ಅವರು ಒಂದು ಮಾತೂ ಕನ್ನಡದಲ್ಲಿ ಆಡಲಿಲ್ಲ.

ಅವರು ಒಂದು ಪತ್ರ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಸರಕು ತಲುಪಿದ ಬಗ್ಗೆ ಐದಾರು ಸಾಲಿನ ಪತ್ರ. ಎರಡನೆಯ ಸಾಲಿನಲ್ಲೇ ಆ ಪದ. ದಿನಕ್ಕೆ ನೂರು ಸಲ ನಾನು ಹರಿದು ಕೊಡುತ್ತಿದ್ದ ವಸ್ತುವಿನ ಹೆಸರು. ಅಕ್ಷರ ಇದ್ದ ಹಾಗೆಯೇ ‘ರಿಸಿಪ್ಟ್’ ಎಂದು ಓದಿದೆ. ಅವರು ನಗಲಿಲ್ಲ. ‘ಇನ್ನೊಮ್ಮೆ’ ಎಂದರು. ಕೇಳಿಸಲಿಲ್ಲವೇನೋ ಎಂದುಕೊಂಡು ಈ ಸಲ ಪಕಾರಕ್ಕೆ ಒತ್ತು ಕೊಟ್ಟೇ ಹೇಳಿದೆ. ಅವರು ಪಕ್ಕದ ಕೋಣೆಯವರನ್ನು ಕರೆದು ಮೂರನೆಯ ಸಲ ಓದಿಸಿದರು. ಆಗ ಇಬ್ಬರೂ ನಕ್ಕರು.

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಚಹಾ ಬಂತು. ತಂದವನು ಹೊರಗಿನ ಕಚೇರಿಗಳಿಗೆ ಚಹಾ ಒಯ್ಯುವ ನಮ್ಮ ಹೋಟೆಲಿನ ಬಾಹರ್‌ವಾಲಾ, ಅಂದರೆ ಶೀನ. ತಂತಿಯ ಚೌಕಟ್ಟಿನಲ್ಲಿ ಆರು ಗ್ಲಾಸು. ನನ್ನನ್ನೂ ನೋಡಿದ, ತನ್ನ ಅಂಗಿಯನ್ನೂ ನೋಡಿದ, ನಗುತ್ತಿದ್ದವರ ಮುಂದೆ ಎರಡು ಗ್ಲಾಸು ಇಟ್ಟು ಹೋದ. ರಾತ್ರಿ ಹೋಟೆಲಿನ ಅಟ್ಟದ ಮೇಲೆ ಮಲಗುವ ಹೊತ್ತಿಗೆ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಅವತ್ತಿನಿಂದ ನನಗೆ ಆ ಹೆಸರು. ಅವರದು ಪ್ರೀತಿಯ ತಮಾಷೆಯೇ. ಅವರಲ್ಲಿ ಯಾರಿಗೂ ಆ ಪದದ ಸರಿ ಉಚ್ಚಾರಣೆ ‘ರಿಸೀಟ್’ ಎಂದು ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕೆಲಸ ಸಿಗಲಿಲ್ಲ. ಸಿಕ್ಕಿದ್ದರೆ ನಾನು ಹೇಗಿರುತ್ತಿದ್ದೆ ಎಂದು ಈಗ ಯೋಚಿಸಿ ಫಲವಿಲ್ಲ. ನಂತರ ನಾನು ಮಾಡಿದ ಪೆದ್ದುತನವನ್ನು ಮಾತ್ರ ಕೇಳು. ಇಂಗ್ಲಿಷಿನಲ್ಲಿ ಟಕಾರದ ಹಿಂದೆ ಪಕಾರ ಬಂದರೆ ನುಂಗಬೇಕು ಎಂದು ನನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಂಡೆ. ಆಮೇಲೆ ಸಹಕಾರಿ ಬ್ಯಾಂಕಿಗೆ ಸೇರಿದೆನಲ್ಲ, ಅಲ್ಲಿ ಎರಡು ವರ್ಷ ‘ಅಕ್ಸೆಪ್ಟ್’ಗೆ ‘ಅಕ್ಸೆಟ್’ ಎನ್ನುತ್ತಿದ್ದೆ, ‘ಕಾನ್ಸೆಪ್ಟ್’ಗೆ ‘ಕಾನ್ಸೆಟ್’ ಎನ್ನುತ್ತಿದ್ದೆ. ಗ್ರಾಹಕರು ಬಾಂಡಿನ ಕಾಗದ ಹಿಡಿದು ನಿಂತಿರುತ್ತಿದ್ದರು, ನಾನು ಗಂಭೀರವಾಗಿ ‘ಅಕ್ಸೆಟೆಡ್’ ಎನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ. ಆಗ ಅಂಜಿಕೆಯಿಂದ ಪಕಾರವನ್ನು ನುಂಗಿದವನು ನಾನು. ನಿನ್ನನ್ನು ಏಳನೆಯ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ, ತುಟಿ ದುಂಡಗೆ ಮಾಡಿಸಿ, ಕುಡಿಯುವ ವೈನ್ ಬೇರೆ, ದ್ರಾಕ್ಷಿ ಬಳ್ಳಿಯ ವೈನ್ ಬೇರೆ ಎಂದು ಹಲ್ಲು ತುಟಿಗೆ ತಾಗಿಸಿ ಹೇಳಿಸಿದವನೂ ನಾನೇ. ಭಾನುವಾರ ಆ ಹುಡುಗನ ಮೇಲೆ ನಕ್ಕ ಬಾಯಿ ನನ್ನ ದುಡ್ಡಿನಿಂದ ತಯಾರಾದದ್ದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈ ವಾರ ಗ್ರಂಥಾಲಯಕ್ಕೆ ಹೋಗಿ ಕುಳಿತೆ. ನಿವೃತ್ತನಿಗೆ ಸಿಟ್ಟು ಬಂದರೆ ಬೇರೇನು ದಾರಿ? ಬೆಳಗಿನ ನಡಿಗೆಗೆ ಜೊತೆಯಾಗುವ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಯಾವ ಪುಸ್ತಕ ನೋಡಬೇಕೆಂದು ಹೇಳಿದರು. ಅಲ್ಲಿ ಮೊದಲು ಹುಡುಕಿದ್ದು ಆ ಪಕಾರವನ್ನೇ. ಅದು ಆ ಪದದಲ್ಲಿ ಇರಲೇ ಇಲ್ಲವಂತೆ! ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಪಕಾರವಿಲ್ಲದೆ ಬಂದ ಪದ. ಲ್ಯಾಟಿನ್ ಓದಿದ ಪಂಡಿತರು ಮೂಲದಲ್ಲಿ ಪಕಾರವಿದೆ ಎಂದು ಬರಹದಲ್ಲಿ ಅದನ್ನು ತುರುಕಿದರು. ಬಾಯಿ ಹಳೆಯ ದಾರಿಯಲ್ಲೇ ಉಳಿಯಿತು. ಸಾಲಕ್ಕೆ ಅವರು ಹೇಳುವ ‘ಡೆಟ್’ ಪದದಲ್ಲಿ ಬಕಾರ ಬಂದು ಕುಳಿತದ್ದೂ ಹಾಗೆಯೇ. ಪಂಡಿತರ ಜಂಬಕ್ಕೆ ಸೇರಿಕೊಂಡ ಅಕ್ಷರವನ್ನು ಹೋಟೆಲಿನ ಹುಡುಗ ನಂಬಿ ಉಚ್ಚರಿಸಿದ. ಅವನದೇ ತಪ್ಪಾಯಿತು. ನಲವತ್ತು ವರ್ಷಗಳ ಮೇಲೆ ಇದು ತಿಳಿದು ಗ್ರಂಥಾಲಯದಲ್ಲಿ ಒಬ್ಬನೇ ನಕ್ಕೆ. ಇಷ್ಟಕ್ಕೂ ಇಲ್ಲಿಯ ಮರಾಠಿಯಲ್ಲಿ ರಸೀದಿಗೆ ‘ಪಾವತಿ’ ಎನ್ನುತ್ತಾರೆ. ಅಲ್ಲಿ ಪಕಾರ ತಲೆಯ ಮೇಲೇ ಇದೆ.

ಇನ್ನೊಂದು ಸಂಗತಿ ನಿನ್ನ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. 1962ರಲ್ಲಿ ವಿಲಿಯಂ ಲೆಬೋವ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಒಂದು ಶ್ರೀಮಂತರದು, ಒಂದು ಮಧ್ಯಮದವರದು, ಒಂದು ಅಗ್ಗದ್ದು. ನಾಲ್ಕನೆಯ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಕೆಲಸದವರನ್ನು ಕೇಳುವುದು, ಅವರು ‘ಫೋರ್ತ್ ಫ್ಲೋರ್’ ಎಂದರೆ ಕೇಳಿಸದವರ ಹಾಗೆ ಮತ್ತೊಮ್ಮೆ ಹೇಳಿಸುವುದು. ಕೇಳಬೇಕಾಗಿದ್ದದ್ದು ರಕಾರವನ್ನು ಮಾತ್ರ. ಅಂಗಡಿ ದುಬಾರಿಯಾದಷ್ಟೂ ರಕಾರ ಹೆಚ್ಚು ಕೇಳಿಸಿತು. ಅಲ್ಲಿ ಕೆಲಸ ಮಾಡುವವರೇನೂ ಶ್ರೀಮಂತರಲ್ಲ ಎನ್ನುವುದನ್ನು ಗಮನಿಸು. ತಾವು ಬಡಿಸುವ ಪಂಕ್ತಿಯ ಮಾತು ಅವರ ನಾಲಿಗೆಗೆ ಹತ್ತಿತ್ತು, ಅಷ್ಟೇ. ಇಂಗ್ಲೆಂಡಿಗೆ ಹೋದರೆ ಇದು ತಲೆಕೆಳಗು. ಅಲ್ಲಿ ಅದೇ ರಕಾರವನ್ನು ಬಿಡುವವನೇ ದೊಡ್ಡ ಮನುಷ್ಯ, ನೈಋತ್ಯ ಭಾಗದ ಹಳ್ಳಿಯ ರೈತ ಅದನ್ನು ಬಿಡದೆ ಹೇಳುತ್ತಾನೆ. ರಕಾರದಲ್ಲಿ ಮೇಲೂ ಇಲ್ಲ, ಕೀಳೂ ಇಲ್ಲ. ಅದು ಯಾರ ಬಾಯಲ್ಲಿದೆ ಎನ್ನುವುದರ ಮೇಲೆ ಅದರ ಬೆಲೆ.

ಅದೇ ಲೆಬೋವ್ ಇನ್ನೊಂದನ್ನು ಕಂಡರು. ಎಚ್ಚರದಿಂದ ಓದಿಸಿದಾಗ ಕೆಳ ಮಧ್ಯಮ ವರ್ಗದವರು ಮೇಲಿನವರಿಗಿಂತಲೂ ಹೆಚ್ಚು ರಕಾರ ಹಾಕುತ್ತಾರಂತೆ. ಪುಟ ಮಡಚಿ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಅದು ನನ್ನ ‘ಅಕ್ಸೆಟ್’. ನಿನ್ನ ಕನ್ನಡಿಯೂ ಅದೇ.

ನೀನು ಸರಿಯಾದದ್ದೆಂದು ಕಲಿತ ಉಚ್ಚಾರಣೆ ಇಂಗ್ಲೆಂಡಿನ ಯಾವ ಊರಿನದೂ ಅಲ್ಲ. 1917ರಲ್ಲಿ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ತಮ್ಮ ಉಚ್ಚಾರಣೆಯ ನಿಘಂಟಿಗೆ ಅದನ್ನು ಆರಿಸಿದಾಗ ಇಟ್ಟ ಹೆಸರೇ ಪಬ್ಲಿಕ್ ಸ್ಕೂಲ್ ಉಚ್ಚಾರಣೆ ಎಂದು, ಅಂದರೆ ಉಳ್ಳವರ ಮಕ್ಕಳು ಓದುವ ವಸತಿ ಶಾಲೆಗಳದು. ಬ್ರಿಟನ್ನಿನಲ್ಲೇ ಅದನ್ನು ಆಡುವವರು ನೂರಕ್ಕೆ ಮೂವರು ಎಂದು 1970ರ ದಶಕದಲ್ಲಿ ಭಾಷಾವಿಜ್ಞಾನಿ ಪೀಟರ್ ಟ್ರಡ್‌ಗಿಲ್ ಅಂದಾಜು ಮಾಡಿದ್ದರು. ಉಳಿದ ತೊಂಬತ್ತೇಳು ಮಂದಿಯನ್ನೂ ನೀನು ಸಂದರ್ಶನದಲ್ಲಿ ಕೈಬಿಡುತ್ತೀಯಾ?

ಉಪನ್ಯಾಸ ಶುರುವಾಯಿತು ಎಂದು ನೀನು ಕಣ್ಣು ಮೇಲೆ ಮಾಡುವುದು ಇಲ್ಲಿಗೇ ಕಾಣುತ್ತಿದೆ. ಇನ್ನು ಸ್ವಲ್ಪವೇ ಇದೆ, ಓದು.

ಈ ರೋಗ ಇಂಗ್ಲಿಷಿನದು ಮಾತ್ರ ಎಂದುಕೊಳ್ಳಬೇಡ. ಲಂಡನ್ನಿನ ಕೂಲಿಯವನು ಹಕಾರ ಬಿಟ್ಟರೆ ಅಲ್ಲಿಯವರು ನಗುತ್ತಾರೆ. ಮೈಸೂರು ಕಡೆಯವನು ‘ಆಲು’ ಎಂದರೆ ನಾವು ನಗುತ್ತೇವೆ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು. ಪಕಾರ ಸವೆದೇ ಹಕಾರವಾದದ್ದು. ಒಂದು ಹೆಜ್ಜೆ ಸವೆದರೆ ಶಿಷ್ಟ, ಇನ್ನೊಂದು ಹೆಜ್ಜೆ ಸವೆದರೆ ಗಾವಿಲ! ರಾತ್ರಿ ಶಾಲೆಯ ನನ್ನ ಮೊದಲ ದಿನ, ‘ಮನೆಗೆ ಹೋಪುದು’ ಎಂದದ್ದಕ್ಕೆ ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತ್ತು. ಕುಂದಾಪುರದ ಮನೆಮಾತು ಅದು. ‘ಹೋಪುದು’, ‘ಬಪ್ಪುದು’ ಎನ್ನುವಲ್ಲಿ ಇರುವುದು ಹಳಗನ್ನಡದ ‘ಪೋಪ’, ‘ಬರ್ಪ’ಗಳ ಪಕಾರವೇ. ಅಂದರೆ ನನ್ನ ಬಾಯಲ್ಲಿದ್ದದ್ದು ಅಲ್ಲಿದ್ದ ಎಲ್ಲರಿಗಿಂತ ಹಳೆಯದು. ಮೇಷ್ಟ್ರು ಒಳ್ಳೆಯವರು, ‘ಹೋಗುವುದು’ ಎಂದು ಮೆಲ್ಲನೆ ತಿದ್ದಿದರು. ನಾನು ಒಂದೇ ತಿಂಗಳಿಗೆ ಅದನ್ನು ಬಿಟ್ಟೆ. ಊರಿಗೆ ಹೋದಾಗ ‘ಹೋಗುತ್ತೇನೆ’ ಎಂದರೆ ನನ್ನ ಅಮ್ಮ, ‘ಸಾಹೇಬರು ಬಂದರು’ ಎಂದು ಬಾವಿಕಟ್ಟೆಯಿಂದಲೇ ಹಂಗಿಸುತ್ತಿದ್ದಳು. ಆ ಮನೆಮಾತನ್ನು ನಿನಗೆ ಕಲಿಸಲೇ ಇಲ್ಲ. ಅಜ್ಜಿ ನಿನ್ನೊಂದಿಗೆ ಫೋನಿನಲ್ಲಿ ಮಾತಾಡುವಾಗಲೂ ‘ಸ್ವಲ್ಪ ಸರಿಯಾಗಿ ಮಾತಾಡಮ್ಮ, ಮಗುವಿಗೆ ತಿಳಿಯುವುದಿಲ್ಲ’ ಎನ್ನುತ್ತಿದ್ದೆ. ಅವಳು ತಡವರಿಸಿ ಫೋನ್ ನನಗೇ ಕೊಡುತ್ತಿದ್ದಳು. ಈಗ ಕೇಳೋಣವೆಂದರೆ ಅವಳಿಲ್ಲ.

ಪೂರ್ತಿ ನಿನ್ನ ತಪ್ಪಲ್ಲ, ಅದೂ ಗೊತ್ತು. ಅವನು ಬೇಡ ಎಂದು ನೀನು ಬರೆದುಕೊಡದಿದ್ದರೂ ನಿನ್ನ ಮೇಲಿನವರು ಬರೆಯುತ್ತಿದ್ದರೇನೋ. ಗಿರಾಕಿ ಅಮೆರಿಕದವನು, ಅವನಿಗೆ ತಿಳಿಯಬೇಕು ಎನ್ನುವ ನಿನ್ನ ವಾದ ಪೊಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ನಿನಗೆ ತಿಳಿದದ್ದು ಅವನಿಗೆ ತಿಳಿಯುವುದಿಲ್ಲ ಎಂದು ಪರೀಕ್ಷಿಸಿ ನೋಡಿದ್ದು ಯಾರು? ಅಂಕದ ಹಾಳೆಯಲ್ಲಿ ಹುಡುಗನ ಕೆಲಸಕ್ಕೆ ಒಂದು ಕಾಲಂ, ಅವನ ಊರಿಗೆ ಇನ್ನೊಂದು ಕಾಲಂ ಇದ್ದ ಹಾಗಾಯಿತು. ಎರಡನೆಯದಕ್ಕೆ ‘ಸಂವಹನ’ ಎಂದು ಹೆಸರಿಟ್ಟಿದ್ದೀರಿ.

ನನ್ನ ಹೆದರಿಕೆ ಆ ಹುಡುಗನ ಬಗ್ಗೆ ಅಲ್ಲ, ಅವನು ಎಲ್ಲಾದರೂ ದುಡಿದು ತಿನ್ನುತ್ತಾನೆ. ಹೆದರಿಕೆ ನಿನ್ನದು. ವಿದೇಶದ ಕರೆ ಬರುವ ಮೊದಲು ನೀನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ವಾಕ್ಯಗಳನ್ನು ಹೇಳಿಕೊಳ್ಳುತ್ತೀಯಂತೆ, ಅಮ್ಮ ಹೇಳಿದಳು. ಒಂದು ಸಲ ಅತ್ತ ಕಡೆಯವನು ‘ಇನ್ನೊಮ್ಮೆ ಹೇಳಿ’ ಎಂದದ್ದಕ್ಕೆ ಆ ರಾತ್ರಿ ನಿನಗೆ ನಿದ್ದೆ ಬರಲಿಲ್ಲವಂತೆ. ‘ಇನ್ನೊಮ್ಮೆ’ ಎಂಬ ಆ ಪದ ನನಗೆ ಗೊತ್ತು, ಮಗಳೇ. ನನಗಿಂತ ನಿನ್ನ ಇಂಗ್ಲಿಷ್ ಎಷ್ಟೋ ಚೆನ್ನ. ಸಭೆಯಲ್ಲಿ ನೀನು ಮಾತಾಡುವ ವೀಡಿಯೊವನ್ನು ನಾನು ಕಟ್ಟಡದ ಕಾವಲುಗಾರನಿಗೂ ತೋರಿಸಿದ್ದೇನೆ, ಅಷ್ಟು ಹೆಮ್ಮೆ. ಆದರೂ ನನ್ನ ಅಂಜಿಕೆಯೇ ನಿನಗೆ ಆಸ್ತಿಯಾಗಿ ಬಂದಿತಲ್ಲ ಎಂದು ರಾತ್ರಿ ಎಚ್ಚರವಾಗುತ್ತದೆ.

ಆ ಹುಡುಗನನ್ನು ಮತ್ತೆ ಕರೆಸು ಎಂದು ಬರೆಯಬೇಕೆಂದೇ ಕುಳಿತದ್ದು. ಈಗ ಬರೆಯುವುದಿಲ್ಲ. ಅದು ನಿನ್ನ ಕಚೇರಿ, ನಿನ್ನ ಕೆಲಸ. ಅವನ ಅರ್ಜಿ ಇನ್ನೂ ನಿನ್ನ ಬಳಿ ಇದ್ದರೆ ಒಮ್ಮೆ ತೆಗೆದು ಓದು, ಅಷ್ಟೇ. ಓದುವುದಕ್ಕೆ ಉಚ್ಚಾರಣೆ ಬೇಡ.

ಅಮ್ಮ ಚಟ್ನಿಪುಡಿ ಮಾಡಿದ್ದಾಳೆ, ನಾಳೆ ಕೊರಿಯರ್ ಮಾಡುತ್ತೇನೆ. ನಿನ್ನ ನೀಲಿ ಛತ್ರಿ ಇಲ್ಲೇ ಉಳಿದಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ನೀನು ಎತ್ತದಿದ್ದರೆ ಸೋಮವಾರವೂ ಮಾಡುತ್ತೇನೆ. ಈ ಸಲ ಅಮ್ಮನ ಕೈಗೆ ಕೊಡುವುದಿಲ್ಲ.

ನಿನ್ನ
ಅಪ್ಪಯ್ಯ