ಹೈಟಿಯ ಇನ್ನೊಂದು ಕತೆಯೂ ಬರಲಿ

ಮಾನ್ಯರೇ,

ನಮ್ಮ ಪತ್ರಿಕೆಗಳಲ್ಲಿ ಹೈಟಿ ಕಾಣಿಸುವುದು ಭೂಕಂಪವಾದಾಗ, ಗುಂಡಿನ ಸದ್ದು ಕೇಳಿದಾಗ ಮಾತ್ರ. ಅಷ್ಟೇ ಸಾಕಾ?

ಕೆರಿಬಿಯನ್ ಸಮುದ್ರದ ಈ ನಾಡು ಆಗ ಫ್ರೆಂಚರ ವಸಾಹತು. 1791ರಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದರು. 1804ರ ಜನವರಿ 1ರಂದು ದೇಶ ಸ್ವತಂತ್ರವಾಯಿತು. ಆ ವರ್ಷಗಳಲ್ಲಿ ಸಾವಿರಾರು ಜನ ಪಕ್ಕದ ಕ್ಯೂಬಾಕ್ಕೆ ಹೋದರು. ಅಲ್ಲಿಂದಲೂ ಹೊರಹಾಕಿದಾಗ, 1809–10ರಲ್ಲಿ ಸುಮಾರು 9,000 ಮಂದಿ ಅಮೆರಿಕದ ನ್ಯೂ ಆರ್ಲಿಯನ್ಸ್ ಸೇರಿದರು. ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು! ಬಂದವರಲ್ಲಿ ಬಿಳಿಯರಿದ್ದರು, ಸ್ವತಂತ್ರ ಕರಿಯರೂ ಮಿಶ್ರ ಸಂತತಿಯವರೂ ಇದ್ದರು, ಗುಲಾಮರೂ ಇದ್ದರು. ಬಿಡುಗಡೆ ಗೆದ್ದ ನೆಲದಿಂದ ಬಂದ ಆ ಗುಲಾಮರಿಗೆ ಇಲ್ಲಿ ಮತ್ತೆ ಸಂಕೋಲೆಯೇ ಸಿಕ್ಕಿತು. ಇದನ್ನು ಓದಿದಾಗ ಕರುಳು ಕಿವುಚಿದಂತಾಯಿತು.

ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದ ಕ್ರಿಯೋಲ್ ಜನರಲ್ಲಿ (ವಸಾಹತು ಕಾಲದಿಂದ ಅಲ್ಲಿ ಬೇರೂರಿದ ಸಮುದಾಯ) ಹೈಟಿಯ ಆ ನಂಟು ಇವತ್ತಿಗೂ ಉಳಿದಿದೆ. ಆಫ್ರಿಕಾ ಮೂಲದ ‘ವೂಡೂ’ ಎಂಬ ಧಾರ್ಮಿಕ ಆಚರಣೆಯಲ್ಲಿದೆ, ಒಂದರ ಹಿಂದೊಂದು ಕೋಣೆಯಿರುವ ಉದ್ದನೆಯ ‘ಶಾಟ್‌ಗನ್’ ಮನೆಗಳಲ್ಲೂ ಇದೆ ಎನ್ನುತ್ತಾರೆ ಬಲ್ಲವರು. ಎರಡೂ ಕಡೆಯ ಕ್ರಿಯೋಲ್ ನುಡಿಗಳು ಫ್ರೆಂಚ್ ಪದಗಳನ್ನು ಹೊತ್ತ ಅಕ್ಕತಂಗಿಯರಂತೆ. ಹೈಟಿಯಲ್ಲಿ ಅದು ಅಧಿಕೃತ ಭಾಷೆ. ಲೂಸಿಯಾನಾದಲ್ಲಿ ಆಡುವವರು ಕೆಲವೇ ಸಾವಿರ ಮಂದಿ.

ವಿದೇಶ ಪುಟದಲ್ಲಿ ಇಂಥ ಬರಹಗಳಿಗೂ ದಯವಿಟ್ಟು ಜಾಗ ಕೊಡಿ.

– ಒಬ್ಬ ಓದುಗ, ಮೈಸೂರು